ಸಾಲದಲ್ಲಿರುವ ಮರದ ಮೇಸ್ತ್ರಿಗೆ ಮಾಡಿನ (ಛಾವಣಿಯ) ಕೆಲಸ ಕೊಡಬಹುದಾ?

ನೀರ್ಚಾಲಿನವ

ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಮ್ಮದು ಹಳೆ ಹಂಚಿನ ಮನೆ. ಮುರಕಲ್ಲಿನ ಗೋಡೆ ಗಟ್ಟಿಯಾಗಿದೆ, ಮಾಡು ಮಾತ್ರ ಹೋಗಿದೆ. ಕಳೆದ ಮಳೆಗಾಲ ಪೂರ್ತಿ ಅಡುಗೆಕೋಣೆಯಲ್ಲಿ ಬಾಲ್ದಿ ಇಟ್ಟುಕೊಂಡೇ ಕಳೆದದ್ದು. ಈ ಸಲ ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದ ಕೂಡಲೇ ಹಂಚು ಇಳಿಸಿ, ಪಕ್ಕಾಸು ರೀಪು (ಹಂಚು ಹೊರುವ ಮರದ ತೊಲೆ, ಪಟ್ಟಿ) ಬದಲಿಸಿ, ಮೇ ಕೊನೆಯ ಪತ್ತನಾಜೆಯೊಳಗೆ ಮುಚ್ಚಿ ಆಗಬೇಕು. ಶೀಟ್ ಹಾಕಿ ಅಂತ ಹೇಳುವವರು ದಯವಿಟ್ಟು ಬೇಡ, ಅಮ್ಮ ಒಪ್ಪುವುದಿಲ್ಲ, ಆ ಜಗಳ ಮನೆಯಲ್ಲೇ ಮುಗಿದಿದೆ.

ಮೂರು ಜನ ಬಂದು ನೋಡಿದರು. ಇಬ್ಬರು ಅಂಗಳದಲ್ಲೇ ನಿಂತು ಕತ್ತೆತ್ತಿ ನೋಡಿ "ಎಲ್ಲ ತೆಗೀಬೇಕು" ಅಂದರು. ಮೂರನೆಯವರು ಏಣಿ ಕೇಳಿದರು. ಅಟ್ಟಕ್ಕೆ ಹತ್ತಿ, ಟಾರ್ಚ್ ಬಿಟ್ಟು, ಒಂದೊಂದೇ ಪಕ್ಕಾಸಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡುತ್ತಾ ಹೋದರು. ಅಡುಗೆಕೋಣೆ ಮೇಲಿನದ್ದಕ್ಕೆ ಹಿಡಿಯವರೆಗೂ ಇಳಿಯಿತು, ಕಂದು ಹುಡಿ ಉದುರಿತು. ಚಾವಡಿ ಮೇಲಿನದ್ದಕ್ಕೆ ಮೊನೆ ಕೂಡ ಹೋಗಲಿಲ್ಲ. "ಇದು ಕಿರಾಲುಬೋಗಿ, ಇನ್ನೊಂದು ತಲೆಮಾರು ನಿಲ್ತದೆ, ಯಾಕೆ ತೆಗೀತೀರಿ? ಅಡುಗೆಕೋಣೆಯದ್ದು, ಪಡುಬದಿಯದ್ದು ಬದಲಿಸಿದರೆ ಸಾಕು" ಅಂದರು. ಹಾಗಾಗಿ ಇವರ ಲೆಕ್ಕ ಉಳಿದಿಬ್ಬರಿಗಿಂತ ತುಂಬಾ ಕಡಿಮೆ. ಮರ, ಕೂಲಿ ಎಲ್ಲ ಸೇರಿ 3 ಲಕ್ಷ 80 ಸಾವಿರ.

ನನಗೆ ಇವರೇ ಆಗಬಹುದು ಅನ್ನಿಸಿತ್ತು. ಅಷ್ಟರಲ್ಲಿ ಪೇಟೆಯಲ್ಲಿ ಮರದ ಮಿಲ್ಲಿನವರೊಬ್ಬರು ಸಿಕ್ಕಿ ಹೇಳಿದರು, ಆ ಮೇಸ್ತ್ರಿ ಕುತ್ತಿಗೆವರೆಗೆ ಸಾಲದಲ್ಲಿದ್ದಾರೆ, ನಮ್ಮ ಮಿಲ್ಲಿನಲ್ಲೂ ಬಾಕಿ ಉಂಟು, ಬ್ಲೇಡಿನವರ (ವಿಪರೀತ ಬಡ್ಡಿಗೆ ಸಾಲ ಕೊಡುವವರ) ಹತ್ತಿರವೂ ತಗೊಂಡಿದ್ದಾರೆ, ಸೊಸೈಟಿಯಿಂದ ಜಪ್ತಿ ನೋಟಿಸ್ ಬಂದಿದೆ ಅಂತ. ಈಗ ಮೇಸ್ತ್ರಿ ಒಂದೂವರೆ ಲಕ್ಷ ಅಡ್ವಾನ್ಸ್ ಕೇಳುತ್ತಿದ್ದಾರೆ. ಏನು ಮಾಡಲಿ?

ಕುಂಬಳೆ_ಕಡಲು

ಕೊಡಬೇಡಿ. ಇದರಲ್ಲಿ ಯೋಚಿಸಲಿಕ್ಕೆ ಏನುಂಟು?

ನಮ್ಮ ಪಕ್ಕದ ಮನೆಯಲ್ಲಿ ಇದೇ ಆಯ್ತು. ಅಡ್ವಾನ್ಸ್ ತಗೊಂಡು ಅರ್ಧ ಹಂಚು ಇಳಿಸಿದರು, ಆಮೇಲೆ ಆಳು ನಾಪತ್ತೆ. ಫೋನ್ ಮಾಡಿದರೆ ನಾಳೆ, ನಾಡಿದ್ದು. ಆ ದುಡ್ಡು ಹಿಂದಿನ ಮನೆಯ ಬಾಕಿ ಕೆಲಸಕ್ಕೆ ಹೋಗಿತ್ತು. ಇವರ ಮನೆ ಮುಗಿಯಬೇಕಾದರೆ ಇನ್ನೊಬ್ಬರ ಅಡ್ವಾನ್ಸ್ ಬರಬೇಕು. ಅಷ್ಟರಲ್ಲಿ ಮೇ ತಿಂಗಳ ಗಾಳಿಮಳೆ ಬಂದು ಟರ್ಪಾಲು ಹಾರಿಹೋಗಿ ಮುಚ್ಚಿಗೆಯ ಹಲಗೆ ಎಲ್ಲ ನೆನೆದು ಹಾಳು. ಒಳ್ಳೆ ಮನುಷ್ಯನೇ, ಕೆಲಸವೂ ಒಳ್ಳೆದೇ. ಆದರೆ ಸಾಲದಲ್ಲಿರುವವನ ಕೈಗೆ ಬಂದ ದುಡ್ಡು ಯಾರು ಜೋರಾಗಿ ಬೊಬ್ಬೆ ಹಾಕ್ತಾರೋ ಅವರಿಗೆ ಹೋಗ್ತದೆ. ನೀವು ಬೊಬ್ಬೆ ಹಾಕುವ ಜನ ಅಲ್ಲ ಅಂತ ನಿಮ್ಮ ಬರಹದಲ್ಲೇ ಗೊತ್ತಾಗ್ತದೆ.

ವರ್ಕಾಡಿ_ತೋಟ

ಒಂದು ಪ್ರಶ್ನೆ. ಆ ಮಿಲ್ಲಿನವರು ಸಾಲದ ಕಥೆ ಹೇಳಿದ ಮೇಲೆ "ಬೇಕಾದರೆ ನಮ್ಮ ಒಬ್ಬರಿದ್ದಾರೆ, ಕಳಿಸ್ತೇನೆ" ಅಂದರಾ ಇಲ್ವಾ?

ನೀರ್ಚಾಲಿನವ

ಅಂದರು 🙂 ಆದರೆ ಬಾಕಿ ಇರೋದು ಸುಳ್ಳಲ್ಲ ಅನ್ನಿಸ್ತದೆ, ಪುಸ್ತಕ ತೆಗೆದು ತೋರಿಸಿದರು.

ವರ್ಕಾಡಿ_ತೋಟ

ನೋಡಿ ಮತ್ತೆ. ಬಾಕಿ ಇರೋದು ನಿಜ ಇರಬಹುದು. ಬೇರೆಯವರ ಲೆಕ್ಕದ ಪುಸ್ತಕ ನಿಮಗೆ ತೋರಿಸುವವರು ನಾಳೆ ನಿಮ್ಮದನ್ನೂ ಇನ್ನೊಬ್ಬರಿಗೆ ತೋರಿಸ್ತಾರೆ, ಅದು ಬೇರೆ ಮಾತು. ಮಿಲ್ಲಿನಲ್ಲಿ ಬಾಕಿ ಇಲ್ಲದ ಮರದ ಮೇಸ್ತ್ರಿ ಕಾಸರಗೋಡು ತಾಲೂಕಿನಲ್ಲಿ ಯಾರಿದ್ದಾರೆ ಹೇಳಿ ನೋಡುವ. ಅಡಿಕೆ ಅಂಗಡಿಯಲ್ಲಿ ಮುಂಗಡ ತಗೊಳ್ಳದ ಕೃಷಿಕರು ಎಷ್ಟಿದ್ದಾರೆ? ನಾವು ತಗೊಂಡರೆ ವ್ಯವಹಾರ, ಅವರು ತಗೊಂಡರೆ ಸಾಲಗಾರ.

ಸಾಲ ಇದೆಯಾ ಅಂತ ಕೇಳಬೇಡಿ. ಯಾತಕ್ಕೆ ಆಯ್ತು ಅಂತ ಕೇಳಿ. ಕುಡಿತವೋ, ಲಾಟರಿಯೋ ಆದರೆ ನಾನೂ ಬೇಡ ಅಂತಲೇ ಹೇಳೋದು. ದಿನಾ ಮಧ್ಯಾಹ್ನ ಮೂರು ಗಂಟೆ ಡ್ರಾ ನೋಡಲಿಕ್ಕೆ ಉಳಿ ಕೆಳಗಿಡುವವರನ್ನು ನಾನು ಕಂಡಿದ್ದೇನೆ. ಆಸ್ಪತ್ರೆ ಸಾಲ ಆದರೆ ಬೇರೆ. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದರು, ದೊಡ್ಡ ಕಾಯಿಲೆ ಬಂದರೆ ನಮ್ಮ ಗಾಡಿ ಈಗಲೂ ತಲಪಾಡಿ ಗಡಿ ದಾಟಿ ಮಂಗಳೂರಿಗೇ ಹೋಗೋದು. ಅಲ್ಲಿ ಒಂದು ವಾರ ಮಲಗಿದರೆ ದಿನಗೂಲಿಯವರ ಕಥೆ ಮುಗೀತು.

ಉಳಿ_ಸುತ್ತಿಗೆ

ನಾನು ಇದೇ ಕೆಲಸದವನು, ಮುಳ್ಳೇರಿಯ ಕಡೆ. ನೀವು ಹೇಳಿದ ಮೇಸ್ತ್ರಿ ಯಾರು ಅಂತ ನನಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಆದರೆ ಅಡ್ವಾನ್ಸ್ ಯಾಕೆ ಕೇಳ್ತೇವೆ ಅಂತ ಹೇಳ್ತೇನೆ, ಇಲ್ಲಿ ಎಲ್ಲರೂ ಮನೆ ಯಜಮಾನರೇ ಮಾತಾಡ್ತಿದ್ದೀರಿ.

ಒಂದು ಮಾಡಿನ ಕೆಲಸ ಹಿಡಿದರೆ ಮೊದಲ ದಿನದಿಂದ ನನ್ನ ಕೈಯಿಂದ ದುಡ್ಡು ಹೋಗ್ತದೆ. ಇಬ್ಬರು ಹೆಲ್ಪರ್, ಅವರಿಗೆ ಶನಿವಾರ ಕೂಲಿ ಕೊಡಲೇಬೇಕು. ಕೊಡದಿದ್ದರೆ ಸೋಮವಾರ ಬರೋದಿಲ್ಲ. ಮರ ಮಿಲ್ಲಿನಿಂದ ಸಾಲದಲ್ಲಿ ತಂದರೆ ಮಿಲ್ಲಿನವರು ರೇಟೇ ಬೇರೆ ಹಾಕ್ತಾರೆ, ಅದು ಬಿಲ್ಲಿನಲ್ಲಿ ಬಡ್ಡಿ ಅಂತ ಕಾಣೋದಿಲ್ಲ, ಮರದ ಕ್ರಯದಲ್ಲಿ ಸೇರಿರ್ತದೆ. ಕೆಲಸ ಮುಗಿದ ಮೇಲೆ ಯಜಮಾನರು ಕೊನೆಯ ಮೂವತ್ತು ನಲವತ್ತು ಸಾವಿರ ಹಿಡಿದಿಟ್ಟುಕೊಳ್ತಾರೆ. ಒಂದು ಮಳೆಗಾಲ ನೋಡುವ, ಸೋರದಿದ್ದರೆ ಕೊಡುವ ಅಂತಾರೆ. ಮಳೆಗಾಲ ಕಳೆದ ಮೇಲೆ ಅಡಿಕೆ ಕೊಯ್ಲು ಆಗಲಿ ಅಂತಾರೆ. ಗಲ್ಫಿನವರಾದರೆ ಮುಂದಿನ ಸಲ ಊರಿಗೆ ಬಂದಾಗ ಅಂತಾರೆ. ನನ್ನ ಲಾಭ ಇರೋದೇ ಆ ಕೊನೆಯ ನಲವತ್ತು ಸಾವಿರದಲ್ಲಿ. ಅದು ಬಾರದಿದ್ದರೆ ಮಿಲ್ಲಿಗೆ ಬಾಕಿ. ಮಿಲ್ಲಿಗೆ ಬಾಕಿ ಆದರೆ ಮುಂದಿನ ಮನೆಯವರ ಹತ್ತಿರ ಜಾಸ್ತಿ ಅಡ್ವಾನ್ಸ್ ಕೇಳಬೇಕು. ಅಷ್ಟರಲ್ಲಿ ಊರೆಲ್ಲ "ಅವನಿಗೆ ಸಾಲ ಉಂಟು, ಅಡ್ವಾನ್ಸ್ ಕೊಡಬೇಡಿ" ಅಂತ ಸುದ್ದಿ. ಈ ಸಾಲ ಮಾಡಿಸಿದ್ದು ಯಾರು ಹಾಗಾದರೆ?

ಕುಂಬಳೆಯವರು ಹೇಳಿದ್ದೂ ಸುಳ್ಳಲ್ಲ, ನಮ್ಮವರಲ್ಲೇ ಹಾಗೆ ಒಂದು ಮನೆಯ ದುಡ್ಡು ಇನ್ನೊಂದು ಮನೆಗೆ ತಿರುಗಿಸುವವರಿದ್ದಾರೆ. ಆದರೆ ದಾರಿ ಇದೆ. ಮರ ನೀವೇ ತರಿಸಿ, ನಿಮ್ಮ ಹೆಸರಿನಲ್ಲಿ ಬಿಲ್ ಮಾಡಿಸಿ. ಮೇಸ್ತ್ರಿಯನ್ನು ಕರಕೊಂಡು ಹೋಗಿ, ಆರಿಸುವುದು ಅವರ ಕೆಲಸ, ಇಲ್ಲದಿದ್ದರೆ ಬೆಳ್ಳೆ (ಹೊರಗಿನ ಮೆತ್ತನೆ ಭಾಗ) ಇರುವ ಹಸಿ ಮರ ನಿಮ್ಮ ತಲೆಗೆ ಕಟ್ತಾರೆ. ಕೂಲಿ ವಾರ ವಾರ ಕೊಡಿ. ಹೀಗೆ ಮಾಡಿದರೆ ಒಂದೂವರೆ ಲಕ್ಷ ಅಡ್ವಾನ್ಸ್ ಬೇಕಾಗೋದೇ ಇಲ್ಲ. ಮೊದಲ ವಾರದ ಕೂಲಿ ಮುಂಚೆ ಕೊಟ್ಟರೆ ಸಾಕು.

ಇನ್ನೊಂದು. ಹಂಚು ಒಟ್ಟಿಗೆ ಇಳಿಸಲಿಕ್ಕೆ ಬಿಡಬೇಡಿ, ಮೇಸ್ತ್ರಿ ಯಾರೇ ಆಗಲಿ. ಕತ್ತರಿಸಿ ಎಣ್ಣೆ ಹಚ್ಚಿದ ಮರ ಅಂಗಳಕ್ಕೆ ಬಂದು ಬಿದ್ದ ಮೇಲೆ ಪಡುಬದಿ ಮಾತ್ರ ತೆರೆಯಿರಿ. ಅದು ಮುಚ್ಚಿದ ಮೇಲೆ ಅಡುಗೆಕೋಣೆ. ನಡುವಿನಲ್ಲಿ ಯಾರು ಕೈಕೊಟ್ಟರೂ ನಿಮ್ಮ ಮನೆ ಮೇಲೆ ಆಕಾಶ ಕಾಣೋದಿಲ್ಲ.

ಪೈವಳಿಕೆ_ದುಬೈ

ಗಲ್ಫಿನವರಿಗೆ ಒಂದು ಬಿತ್ತು ಅಲ್ವಾ 😄 ಒಪ್ಪಿದೆ. ಆದರೆ ಇಲ್ಲಿಂದ ನೋಡುವವರ ಕಷ್ಟವೂ ಉಂಟು. ವಾಟ್ಸಾಪಿನಲ್ಲಿ ಬರೋ ಫೋಟೋದಲ್ಲಿ ಎಲ್ಲ ಮರವೂ ಒಳ್ಳೆ ಮರವೇ. ವಾರದ ಕೂಲಿ ಅಂದರೆ ಕೆಲಸ ಎಳೀತಾರೆ, ಕಂಟ್ರಾಕ್ಟ್ ಅಂದರೆ ಓಡಿಸ್ತಾರೆ. ನನಗೆ ಕಂಟ್ರಾಕ್ಟೇ ವಾಸಿ.

ಉಳಿ_ಸುತ್ತಿಗೆ

ಕಂಟ್ರಾಕ್ಟ್ ಮೊತ್ತ ಮೊದಲೇ ನಿಗದಿ ಮಾಡಿ. ವಾರ ವಾರ ಕೊಟ್ಟದ್ದು ಅದರಿಂದಲೇ ಕಳೆಯೋದು. ಎಳೆದರೆ ನಷ್ಟ ನನಗೇ.

ಸುಮ್ನೆ_ಓದೋನು

ಇಷ್ಟೆಲ್ಲ ಯಾಕೆ? ಅಡ್ವಾನ್ಸ್ ಕೊಡಿ, ಅದಕ್ಕೆ ಸಹಿ ಹಾಕಿದ ಖಾಲಿ ಚೆಕ್ ತಗೊಳ್ಳಿ. ಓಡಿಹೋದರೆ ಬ್ಯಾಂಕಿಗೆ ಹಾಕಿ. ಬೌನ್ಸ್ ಆದರೆ 138 ಕೇಸ್. ಬ್ಲೇಡಿನವರು ಇದನ್ನೇ ಮಾಡೋದಲ್ವಾ?

ಕಪ್ಪುಕೋಟು

ಬ್ಲೇಡಿನವರು ಮಾಡ್ತಾರೆ ಅನ್ನೋದೇ ಅದನ್ನು ನೀವು ಮಾಡಬಾರದು ಅನ್ನಲಿಕ್ಕೆ ಸಾಕು.

138ರಲ್ಲಿ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು, ನಿಜ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟವರು "ಮೊತ್ತ ನಾನು ಬರೆದದ್ದಲ್ಲ" ಅಂದ ಮಾತ್ರಕ್ಕೆ ತಪ್ಪಿಸಿಕೊಳ್ಳಲಿಕ್ಕಾಗದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ, ಅದೂ ನಿಜ. ಆದರೆ ನೋಟಿಸು, ಕೋರ್ಟು, ವಾಯಿದೆ ಅಂತ ಕೇಸ್ ವರ್ಷಗಟ್ಟಲೆ ಓಡ್ತದೆ. ಮಳೆ ಜೂನ್ ಒಂದರ ಹೊತ್ತಿಗೆ ಬರ್ತದೆ. ಈಗಾಗಲೇ ನಾಲ್ಕು ಜನರಿಗೆ ಚೆಕ್ ಕೊಟ್ಟು ಕೂತವರ ಐದನೇ ಚೆಕ್ಕಿನಿಂದ ನಿಮ್ಮ ಮಾಡು ಮುಚ್ಚುವುದಿಲ್ಲ.

ನೀರ್ಚಾಲಿನವರಿಗೆ ನಿಜವಾಗಿ ಬೇಕಾದ್ದು ಬೇರೆ. ಮೇಸ್ತ್ರಿಯ ಸಾಲಗಾರರು ನಿಮ್ಮ ಗೇಟಿಗೆ ಬಂದು "ಅವನಿಗೆ ಕೊಡೋದನ್ನು ನಮಗೆ ಕೊಡಿ" ಅಂದರೆ ಕೊಡಬೇಕಾಗಿಲ್ಲ. ಕೋರ್ಟಿನಿಂದಲೋ ಜಪ್ತಿ ಮಾಡುವ ಅಧಿಕಾರ ಇರುವವರಿಂದಲೋ ನಿಮ್ಮ ಹೆಸರಿಗೆ ಆದೇಶ ಬಂದರೆ ಮಾತ್ರ ಆ ವಿಷಯ. ಬಂದರೆ ಆಮೇಲೆ ಮೇಸ್ತ್ರಿ ಕೈಗೆ ಕೊಡದೆ ವಕೀಲರನ್ನು ಕಾಣಿ. ಮಿಲ್ಲಿನವರಿಗೆ ಈಗಲೇ ಹೇಳಿ, ನನ್ನ ಮನೆ ಹೆಸರು ಹೇಳಿ ಯಾರಿಗೂ ಸಾಲ ಕೊಡಬೇಡಿ ಅಂತ. ಬಾಯಿಮಾತು ಸಾಲದು, ವಾಟ್ಸಾಪಿನಲ್ಲಿ ಒಂದು ಸಾಲು ಹಾಕಿ ಇಡಿ. ಮೇಸ್ತ್ರಿ ಜೊತೆ ಕರಾರು ಒಂದೇ ಪುಟ, ಕನ್ನಡದಲ್ಲೇ ಬರೆಯಿರಿ. ನಮ್ಮ ಕಡೆ ಮಲಯಾಳದಲ್ಲಿ ಬರೆಸಿಕೊಂಡು ಓದಲಿಕ್ಕಾಗದೆ ಸಹಿ ಹಾಕಿದವರು ಬೇಕಾದಷ್ಟು ಜನ ಇದ್ದಾರೆ. ಯಾವ ಭಾಷೆಯಲ್ಲಿ ಬರೆದರೂ ಕರಾರು ಕರಾರೇ.

ಬ್ಲೇಡಿನ ವಿಷಯಕ್ಕೆ ಕೇರಳದಲ್ಲಿ ವಿಪರೀತ ಬಡ್ಡಿ ತಡೆಯುವ ಕಾನೂನು 2012ರಿಂದಲೇ ಇದೆ. 2014ರಲ್ಲಿ ಆಪರೇಷನ್ ಕುಬೇರ ಅಂತ ಪೊಲೀಸರು ರಾಜ್ಯದುದ್ದಕ್ಕೂ ದಾಳಿ ಮಾಡಿದ್ದು ನೆನಪಿರಬಹುದು. ಕೆಲಸದ ಜಾಗಕ್ಕೇ ಬಂದು ಬೆದರಿಸಿದರೆ ಮೇಸ್ತ್ರಿ ದೂರು ಕೊಡಬಹುದು. ಕೊಡ್ತಾರಾ ಅಂತ ಕೇಳಿದರೆ, ಹೆಚ್ಚಿನವರು ಕೊಡೋದಿಲ್ಲ.

ಮಾಡರೇಟರ್

ಮೇಸ್ತ್ರಿ ಯಾರು ಅಂತ ಊಹಿಸಿ ಹೆಸರು, ಮನೆ ಗುರುತು ಬರೆದ ಎರಡು ಕಮೆಂಟ್ ತೆಗೆದಿದ್ದೇನೆ. ಮಿಲ್ಲಿನ ಹೆಸರೂ ಬೇಡ. ಇನ್ನೊಮ್ಮೆ ಹಾಕಿದರೆ ಚರ್ಚೆಗೇ ಬೀಗ.

ಸಂಘದಕ್ಕ

ನಾನು ಕುಟುಂಬಶ್ರೀಯಲ್ಲಿ (ಕೇರಳದ ಹೆಂಗಸರ ಸ್ವಸಹಾಯ ಸಂಘ) ಲೆಕ್ಕ ಬರೆಯುವವಳು. ಎಲ್ಲರೂ ಮೇಸ್ತ್ರಿಯ ಸಾಲದ ಬಗ್ಗೆ ಮಾತಾಡ್ತೀರಿ, ಮನೆ ಸಾಲದ ಪುಸ್ತಕ ಹೆಚ್ಚಾಗಿ ಹೆಂಡತಿ ಹೆಸರಿನಲ್ಲಿ ಇರ್ತದೆ ಅಂತ ಯಾರಿಗೂ ನೆನಪಾಗಲಿಲ್ಲ. ನಮ್ಮ ಸಂಘದ ಸಾಲ ಹೇಗೋ ನಡೀತದೆ, ಬಡ್ಡಿ ಕಡಿಮೆ, ಒಂದು ವಾರ ತಪ್ಪಿದರೆ ಮಾತಾಡಿಕೊಳ್ಳಬಹುದು. ಮೈಕ್ರೋಫೈನಾನ್ಸಿನವರದ್ದು ಹಾಗಲ್ಲ. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಎದ್ದು ಹೋಗುವ ಹಾಗಿಲ್ಲ, ಎಲ್ಲರ ಎದುರು ಮರ್ಯಾದೆ ಹೋಗ್ತದೆ. ಹಾಗಾಗಿ ಕಂತಿನ ಹಿಂದಿನ ದಿನ ಆ ಮನೆಯ ಗಂಡಸು ಎಲ್ಲಿ ಕೈಗೆ ನಗದು ಸಿಗ್ತದೋ ಅಲ್ಲಿಗೆ ಒಂದು ದಿನದ ಕೆಲಸಕ್ಕೆ ಓಡ್ತಾನೆ. ನೀವು "ಹೇಳದೆ ಕೇಳದೆ ರಜೆ ಮಾಡಿದ" ಅಂತೀರಿ.

ಕಂತು ಯಾವ ವಾರ ಅಂತ ಕೇಳಿ, ಕೂಲಿ ಅದರ ಹಿಂದಿನ ದಿನ ಕೊಡಿ. ನಿಮಗೆ ನಷ್ಟ ಏನೂ ಇಲ್ಲ, ಕೊಡಲೇಬೇಕಾದ ದುಡ್ಡು. ಆಳು ಕೆಲಸ ಬಿಟ್ಟು ಹೋಗೋದು ನಿಲ್ತದೆ.

ಮತ್ತೆ, ಮಾಡಿನ ಮೇಲೆ ಹತ್ತುವವರು. 20 ರೂಪಾಯಿಯ ಅಪಘಾತ ವಿಮೆ ಇದೆಯಲ್ಲ, ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಸತ್ತರೆ 2 ಲಕ್ಷ ಸಿಗೋದು, ಅದು ಇದೆಯಾ ಕೇಳಿ. ಅದರ ವರ್ಷ ಮೇ 31ಕ್ಕೆ ಮುಗಿಯೋದು. ಮೇ ಕೊನೆಗೆ ಬ್ಯಾಂಕಿನಿಂದ ತನ್ನಿಂತಾನೇ ಕಟ್ ಆಗ್ತದೆ, ಖಾತೆಯಲ್ಲಿ ದುಡ್ಡು ಇದ್ದರೆ. ಸಾಲದವರ ಖಾತೆಯಲ್ಲಿ ಅಷ್ಟೂ ಇರೋದಿಲ್ಲ, ಜೂನಿನಲ್ಲಿ ವಿಮೆ ಇಲ್ಲದೆ ಮಾಡು ಹತ್ತುತ್ತಿರ್ತಾರೆ.

ಕುಂಬಳೆ_ಕಡಲು

ಸರಿ, ಮರ ನೀವೇ ತಂದು ವಾರ ವಾರ ಕೊಟ್ಟರೆ ರಿಸ್ಕ್ ಕಡಿಮೆ, ಒಪ್ಪಿದೆ. ಆದರೂ ಒಂದು ಹೇಳ್ತೇನೆ. ಚಾವಡಿಯ ಪಕ್ಕಾಸು ತೆಗೀಬೇಡಿ ಅಂದದ್ದು ಪ್ರಾಮಾಣಿಕತೆ ಅಂತ ನೀವೆಲ್ಲ ಕರಗಿದ್ದೀರಿ. ರೇಟು ಕಡಿಮೆ ತೋರಿಸಿ ಕೆಲಸ ಹಿಡಿಯುವ ಉಪಾಯವೂ ಆಗಿರಬಹುದು. ಹಂಚು ಇಳಿಸಿದ ಮೇಲೆ "ಅಯ್ಯೋ, ಇದೂ ಹೋಗಿದೆ" ಅಂದರೆ?

ನೀರ್ಚಾಲಿನವ

ನಾನೂ ಹತ್ತಿ ನೋಡಿದೆ. ಅದೇ ಸ್ಕ್ರೂಡ್ರೈವರ್, ಚಾವಡಿಯ ಪ್ರತಿ ಪಕ್ಕಾಸಿಗೂ ಗೋಡೆ ಹತ್ತಿರ, ನಡುವೆ, ಮೇಲೆ. ಹಂಚು ಸೀಳಿ ನೀರು ಇಳಿದ ಒಂದು ಕಡೆ ಮಾತ್ರ ಸ್ವಲ್ಪ ಮೆತ್ತಗಿದೆ. ಅದನ್ನು ಅವರೇ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದರು, ನನಗೆ ಆಗ ಕಂಡಿರಲಿಲ್ಲ.

ವರ್ಕಾಡಿ_ತೋಟ

ಇನ್ನೆಂತ ಬೇಕು ಮಾರಾಯ್ರೇ?

ನೀರ್ಚಾಲಿನವ

ಇವತ್ತು ಮಾತಾಡಿದೆ. ನೇರವಾಗಿಯೇ ಕೇಳಿದೆ, ಹೀಗೆ ಕೇಳಿಬಂತು, ನಿಜವಾ ಅಂತ. ಮುಖ ಸ್ವಲ್ಪ ಕಪ್ಪಾಯಿತು. ಯಾರು ಹೇಳಿದ್ದು ಅಂತ ಕೇಳಲಿಲ್ಲ, ಗೊತ್ತಿದ್ದಿರಬೇಕು.

ಜಪ್ತಿ ನೋಟಿಸ್ ಬಂದದ್ದು ನಿಜ. ಅವರು ತಗೊಂಡ ಸಾಲ ಅಲ್ಲ, ಭಾವನ ಸಾಲಕ್ಕೆ ಸೊಸೈಟಿಯಲ್ಲಿ ಜಾಮೀನು ನಿಂತದ್ದು. ಭಾವ ಕಟ್ಟುತ್ತಿಲ್ಲ, ಸೊಸೈಟಿಯವರು ಜಾಮೀನುದಾರನನ್ನು ಹಿಡಿದಿದ್ದಾರೆ. ಅದನ್ನು ಸ್ವಲ್ಪ ತಣ್ಣಗೆ ಮಾಡಲಿಕ್ಕೆ ಬ್ಲೇಡಿನಿಂದ ತಗೊಂಡದ್ದು, ಈಗ ಅದೇ ದೊಡ್ಡದಾಗಿದೆ. ಮಿಲ್ಲಿನ ಬಾಕಿ ಮಾತ್ರ ಕೆಲಸದ್ದು. ಒಂದು ಮನೆಯವರು ಕೊನೆಯ ಕಂತು ಕೊಟ್ಟಿಲ್ಲ.

ಎಲ್ಲ ನಿಜ ಅಂತ ನಾನು ಹೇಗೆ ಹೇಳಲಿ? ನೋಟಿಸ್ ಮಾತ್ರ ತೋರಿಸಿದರು, ಅದರಲ್ಲಿ ಭಾವನ ಹೆಸರು ಮೊದಲು, ಇವರದ್ದು ಜಾಮೀನು ಅಂತ ಇದೆ. ನಾನು ಕೇಳಿರಲಿಲ್ಲ.

ಅಡ್ವಾನ್ಸ್ ಬೇಡ, ಮರ ನಾನು ತರಿಸ್ತೇನೆ, ಕೂಲಿ ವಾರಕ್ಕೆ, ಅಂದೆ. ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ "ಆಗಬಹುದು, ಆದರೆ ಮಿಲ್ಲು ಬೇರೆ ನೋಡುವ, ಅಲ್ಲಿಗೆ ನಾನು ಬರೋದಿಲ್ಲ" ಅಂದರು. ಪ್ಲೇನರ್ ಮೆಷಿನ್ ಅಡವಿನಲ್ಲಿ ಇದೆಯಂತೆ. ಬಿಡಿಸಲಿಕ್ಕೆ ಎಂಟು ಸಾವಿರ ಬೇಕು. ಅದು ಕೊಡಲಾ ಬೇಡವಾ ಅಂತ ಇನ್ನೂ ನಿರ್ಧರಿಸಿಲ್ಲ.

ಕುಂಬಳೆ_ಕಡಲು

ಶುರು ಆಯ್ತು ನೋಡಿ.

ಉಳಿ_ಸುತ್ತಿಗೆ

ಕೊಡಿ. ಮೆಷಿನ್ ಇಲ್ಲದಿದ್ದರೆ ಕೈಯಲ್ಲಿ ಕೀಸುಳಿ ಹಾಕಿ ಮೇ ಮುಗಿದರೂ ಮುಗಿಯೋದಿಲ್ಲ. ಆದರೆ ಕೈಗೆ ಕೊಡಬೇಡಿ. ಅವರ ಜೊತೆ ಹೋಗಿ ಅಡವು ಇಟ್ಟ ಕಡೆ ನೀವೇ ಕಟ್ಟಿ ಮೆಷಿನ್ ನಿಮ್ಮ ಗಾಡಿಯಲ್ಲಿ ತನ್ನಿ. ಕೆಲಸ ಮುಗಿಯುವವರೆಗೆ ನಿಮ್ಮ ಕೊಟ್ಟಿಗೆಯಲ್ಲಿರಲಿ. ಎಂಟು ಸಾವಿರ ಕೂಲಿಯಿಂದ ನಾಲ್ಕು ವಾರದಲ್ಲಿ ಕಳೆಯಿರಿ, ಒಂದೇ ವಾರದಲ್ಲಿ ಕಳೆದರೆ ಪುನಃ ಎಲ್ಲಿಗೋ ಓಡ್ತಾರೆ.

ಸಂಘದಕ್ಕ

ಮತ್ತೆ ರೇಟು ಇಳಿಸಲಿಕ್ಕೆ ಹೋಗಬೇಡಿ. ಪಾಪ, ಕಷ್ಟದಲ್ಲಿದ್ದಾನೆ, ಎಷ್ಟಕ್ಕಾದರೂ ಬರ್ತಾನೆ ಅಂತ ಕೂಲಿ ಕಡಿಮೆ ಮಾಡುವವರು ಊರಿನಲ್ಲಿ ಜಾಸ್ತಿ. ಹಾಗೆ ಮಾಡಿದರೆ ನಡುವಿನಲ್ಲಿ ಒಳ್ಳೆ ಕೂಲಿ ಸಿಕ್ಕಿದ ಕಡೆಗೆ ಹೋಗ್ತಾರೆ, ಆಗ ನೀವೇ ಇಲ್ಲಿ ಬಂದು ಇನ್ನೊಂದು ಥ್ರೆಡ್ ಹಾಕೋದು.

ಪೈವಳಿಕೆ_ದುಬೈ

ಕೊನೆಗೆ ಸ್ವಲ್ಪ ಹಿಡಿದಿಡಬೇಕಾ ಬೇಡವಾ? ಅದನ್ನು ಯಾರೂ ಹೇಳಲಿಲ್ಲ.

ಕಪ್ಪುಕೋಟು

ಹಿಡಿದಿಡಿ, ಆದರೆ ತಾರೀಕು ಬರೆದು. ಕೂಲಿಯ ಹತ್ತರಲ್ಲಿ ಒಂದು ಪಾಲು, ಜುಲೈ 31ಕ್ಕೆ ಕೊಡೋದು ಅಂತ. ಅಷ್ಟರೊಳಗೆ ಆಟಿ ತಿಂಗಳ ಮಳೆಯೂ ಅರ್ಧ ಆಗಿರ್ತದೆ, ಸೋರೋದಿದ್ದರೆ ಸೋರಿ ಆಗಿರ್ತದೆ. "ಮಳೆಗಾಲ ಕಳೆದ ಮೇಲೆ" ಅಂತ ಬರೆದರೆ ಅದಕ್ಕೆ ಕೊನೆ ಇಲ್ಲ.

ಸುಮ್ನೆ_ಓದೋನು

ಮತ್ತೆ ಆ ಬ್ಲೇಡಿನವರು ಮನೆ ಹತ್ತಿರ ಬಂದರೆ?

ನೀರ್ಚಾಲಿನವ

ಬಂದರೆ ಅಮ್ಮ ಇದ್ದಾರೆ 🙂

ಮೆಷಿನ್ ಬಿಡಿಸಿ ತಂದೆವು, ಕೊಟ್ಟಿಗೆಯಲ್ಲಿದೆ. ಮರಕ್ಕೆ ನಾಳೆ ಪುತ್ತೂರು ಕಡೆ ಹೋಗ್ತೇವೆ. ಒಟ್ಟು ಮೊತ್ತ ಅವರು ಹೇಳಿದ್ದೇ, ಮರದ್ದು ಬೇರೆ, ಕೂಲಿಯದ್ದು ಬೇರೆ ಬರೆದೆವು. ಕೂಲಿ ಬುಧವಾರ, ಗುರುವಾರ ಅವರ ಮನೆಯಲ್ಲಿ ಕಂತಂತೆ, ಸಂಘದಕ್ಕ ಹೇಳಿದ್ದು ಸರಿಯಾಗಿತ್ತು. ಹೆಲ್ಪರ್ ಇಬ್ಬರ ಕೂಲಿ ನಾನೇ ಅವರ ಕೈಗೆ ಕೊಡೋದು ಅಂತಲೂ ಮಾತಾಗಿದೆ, ಅದಕ್ಕೆ ಮೇಸ್ತ್ರಿ ಅಷ್ಟು ಖುಷಿಯಲ್ಲಿಲ್ಲ, ಒಪ್ಪಿದ್ದಾರೆ. ಸೀಳಿದ ಹಂಚಿಗೆ ಬದಲಿ ಹಳೆ ಹಂಚು ಯಾರ ಹತ್ತಿರವಾದರೂ ಇದ್ದರೆ ಹೇಳಿ, ಮನೆ ಕೆಡವಿದವರ ಹತ್ತಿರ ರಾಶಿ ಬಿದ್ದಿರ್ತದೆ, ಹೊಸದು ನಮ್ಮದರ ಜೊತೆ ಕೂರೋದಿಲ್ಲ.

ಅವರ ನಂಬರ್ ಕೇಳಿ ಇಬ್ಬರು ಮೆಸೇಜ್ ಮಾಡಿದ್ದೀರಿ. ಇಲ್ಲಿ ಹಾಕೋದಿಲ್ಲ, ಅವರನ್ನು ಕೇಳಿ ಕೊಡ್ತೇನೆ. ಪತ್ತನಾಜೆವರೆಗೆ ಮಾತ್ರ ಕೇಳಬೇಡಿ, ಅಲ್ಲಿವರೆಗೆ ಅವರು ನಮ್ಮ ಮಾಡಿನ ಮೇಲೆ.

ಕುಂಬಳೆ_ಕಡಲು

ಹಂಚು ನಮ್ಮಲ್ಲಿ ಇನ್ನೂರರಷ್ಟು ಇದೆ, ಪಾಚಿ ಹಿಡಿದಿದೆ, ತೊಳೆದರೆ ಸರಿಯಾಗ್ತದೆ. ಗಾಡಿ ತಗೊಂಡು ಬನ್ನಿ. ಆ ಮೇಸ್ತ್ರಿಯನ್ನೂ ಕರಕೊಂಡು ಬನ್ನಿ, ನಮ್ಮ ಕೊಟ್ಟಿಗೆಯ ಮಾಡು ಒಮ್ಮೆ ನೋಡಿ ಹೇಳಲಿ. ಅಡ್ವಾನ್ಸ್ ಮಾತ್ರ ಕೇಳಬಾರದು.